ಸಹಾಯ ಬೇಕು: ಕುದುರೆ ಮರಿಗಳ ಇಮ್ಯುನಿಟಿ ಥೀಸಿಸ್‌ಗೆ ಸೀರಮ್ (ರಕ್ತದ ತಿಳಿ ಭಾಗ) ಸ್ಯಾಂಪಲ್

ಎಲ್ರಿಗೂ ನಮಸ್ಕಾರ, ನಾನು ವೆಟರ್ನರಿ ಪಿಜಿ ಸ್ಟೂಡೆಂಟ್, ಆಗಷ್ಟೇ ಹುಟ್ಟಿದ ಕುದುರೆ ಮರಿಗಳ ರೋಗನಿರೋಧಕ ಶಕ್ತಿ ಮೇಲೆ ಥೀಸಿಸ್ ಮಾಡ್ತಿದೀನಿ. ಮನುಷ್ಯರ ಥರ ಅಲ್ಲ ಇದು, ಕುದುರೆಲಿ ಹೊಟ್ಟೆಲಿರುವಾಗ ತಾಯಿಯಿಂದ ಮರಿಗೆ ಆಂಟಿಬಾಡಿ ಹೆಚ್ಚುಕಮ್ಮಿ ದಾಟೋದೇ ಇಲ್ಲ, ಬರೋದೆಲ್ಲ ಗಿಣ್ಣು ಹಾಲಿಂದಾನೇ, ಅದೂ ಮರಿ ಕರುಳು ಹೀರ್ಕೊಳ್ಳೋದು ಮೊದಲ 24 ಗಂಟೆ ಒಳಗೆ ಮಾತ್ರ, ಆಮೇಲೆ ಎಷ್ಟು ಕುಡಿಸಿದ್ರೂ ರಕ್ತಕ್ಕೆ ಸೇರಲ್ಲ. ರಕ್ತದಲ್ಲಿ ಐಜಿಜಿ (ಗಿಣ್ಣಿಂದ ಬರೋ ಮುಖ್ಯ ಆಂಟಿಬಾಡಿ) ಡೆಸಿಲೀಟರ್‌ಗೆ 800 ಮಿಲಿಗ್ರಾಂ ದಾಟಿದ್ರೆ ನೆಮ್ಮದಿ, 400ಕ್ಕಿಂತ ಕಮ್ಮಿ ಆದ್ರೆ ಸಾಮಾನ್ಯವಾಗಿ ಪ್ಲಾಸ್ಮಾ ಕೊಡ್ತಾರೆ, ಇಲ್ಲಾಂದ್ರೆ ಸೆಪ್ಸಿಸ್ (ಸೋಂಕು ರಕ್ತಕ್ಕೆ ಸೇರಿ ಮೈಯೆಲ್ಲ ಹರಡೋದು) ಭಯ. ಎದ್ದು ನಿಲ್ಲೋಕೆ ಆಗ್ದೆ ಕೆಚ್ಚಲು ಹುಡುಕ್ತಾ ತಡಕಾಡೋ ಮರಿ ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ.

ಕುಣಿಗಲ್ ಕಡೆ ಅಥವಾ ಪುಣೆ ಕಡೆ ಸ್ಟಡ್ ಫಾರ್ಮಲ್ಲಿ ಕೆಲಸ ಮಾಡೋ ಡಾಕ್ಟರು, ಮೇಲ್ವಿಚಾರಕರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ಪರಿಚಯ ಮಾಡ್ಸಿ. ಮರಿಗೆ ಬೇರೆ ಸೂಜಿ ಚುಚ್ಚೋದು ಬೇಡ, ಮೊದಲ ದಿನ ಮುಗಿದ್ಮೇಲೆ ಹೇಗೂ ಟೆಸ್ಟ್‌ಗೆ ತೆಗೀತಾರಲ್ಲ, ಅದ್ರಲ್ಲಿ ಉಳಿದ ಸೀರಮ್ ಫ್ರೀಜರಲ್ಲಿ ಇಟ್ಟುಕೊಟ್ರೆ ಸಾಕು, ಐಸ್ ಬಾಕ್ಸ್ ತಗೊಂಡು ನಾನೇ ಬರ್ತೀನಿ. ಎಥಿಕ್ಸ್ ಕಮಿಟಿ ಪರ್ಮಿಶನ್ ಲೆಟರ್ ಇದೆ, ಫಾರ್ಮ್ ಹೆಸರು, ಕುದುರೆ ಹೆಸರು ಎಲ್ಲೂ ಹಾಕಲ್ಲ, ಪ್ರತಿ ಮರಿ ರಿಪೋರ್ಟ್ ಅವರಿಗೇ ಮೊದಲು ಕೊಡ್ತೀನಿ. ಗಿಣ್ಣಿನ ಕ್ವಾಲಿಟಿನ ಬ್ರಿಕ್ಸ್ ಮೀಟರಲ್ಲಿ (ಗಿಣ್ಣು ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಸಣ್ಣ ಸಾಧನ) ನೋಡಿ ಅಭ್ಯಾಸ ಇರೋರೂ ಮೆಸೇಜ್ ಮಾಡಿ ಪ್ಲೀಸ್.