ರಾಯರ ನಿದ್ದೆಯೂ ತಂಬೂರಿಯ ಶ್ರುತಿಯೂ

ರಾಮನವಮಿಯ ಕಛೇರಿ ಮುಗಿಸಿಕೊಂಡು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಿಂದ ಹೊರಬಿದ್ದ ನಾವು ಮೂವರು ಕಾಫಿಗೆ ಕುಳಿತೊಡನೆಯೇ ರಾಯರ ವಿಚಾರಣೆ ಆರಂಭವಾಯಿತು. ಆರೋಪ ಇಷ್ಟೇ: ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕುಳಿತ ಅವರು, ಪ್ರಧಾನ ರಾಗದ ಆಲಾಪನೆಗೆ ಮುಚ್ಚಿದ ಕಣ್ಣನ್ನು ಮಂಗಳ ಮುಗಿಯುವ ತನಕ ತೆರೆದಿರಲಿಲ್ಲ.

“ನಾನು ನಿದ್ದೆ ಮಾಡಲಿಲ್ಲ, ತಲ್ಲೀನನಾಗಿದ್ದೆ,” ಎಂದರು ರಾಯರು.

“ತಲ್ಲೀನರಾದವರು ಪಕ್ಕದವರ ಭುಜಕ್ಕೆ ಒರಗಿ ಗೊರಕೆ ಹೊಡೆಯುವುದಿಲ್ಲ,” ಎಂದೆ. ಭುಜ ನನ್ನದಾದ್ದರಿಂದ ಸಾಕ್ಷಿ ಬಲವಾಗಿತ್ತು.

“ಹಾಗಾದರೆ ತಪ್ಪು ತಂಬೂರಿಯದು. ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತದ ನಾನು, ಇಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಮೃದಂಗ-ಘಟಗಳ ತನಿ ಆವರ್ತನಕ್ಕೂ ಏಳಲಿಲ್ಲವೆಂದರೆ ಏನು ಹೇಳುತ್ತೀರಿ?”

ನಮ್ಮಲ್ಲಿ ಮೂರನೆಯವರಾದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಇಂಥ ಸಮಯಕ್ಕೇ ಕಾದಿರುತ್ತಾರೆ. ದೇವರ ಮುಂದೆ ಸೀನು ಬಂದರೂ ಅದರ ಕಂಪನಸಂಖ್ಯೆ ಹೇಳಿಯೇ ಕೈಮುಗಿಯುವ ಮನುಷ್ಯ ಅವರು. “ನಲ್ಲಿಯ ಸದ್ದು ಸಣ್ಣದಾದರೂ ಪ್ರತಿಯೊಂದು ತೊಟ್ಟೂ ಮೌನವನ್ನು ಒಡೆದುಕೊಂಡು ಹೊಸದಾಗಿ ಹುಟ್ಟುತ್ತದೆ, ಮುಂದಿನದು ಯಾವಾಗ ಬೀಳುವುದೋ ಎಂದು ಕಿವಿ ಕಾದುಕೊಂಡೇ ಇರುತ್ತದೆ. ತಂಬೂರಿಯ ನಾದಕ್ಕೆ ಅಂಥ ಅಂಚುಗಳಿಲ್ಲ. ಅಗಲವಾದ, ತುಸು ಬಾಗಿದ ಕುದುರೆಯ, ಅಂದರೆ ತಂತಿಗಳನ್ನು ಹೊರುವ ಪಟ್ಟಿಯ ಮೇಲೆ, ಒಂದು ಎಳೆ ನೂಲನ್ನು ಅಡಿಗೆ ಸಿಕ್ಕಿಸಿಕೊಂಡು ಹಾಯುವ ತಂತಿ, ಕಂಪಿಸುವಾಗಲೆಲ್ಲ ಕುದುರೆಯನ್ನು ಸವರಿ ಸವರಿ ಬಿಡುವುದರಿಂದ ಮೇಲಿನ ಸ್ವರಗಳು ಒಂದರ ಹಿಂದೊಂದು ಅರಳುತ್ತವೆ. ಮೀಟುವುದು ಪಂಚಮ ಷಡ್ಜಗಳನ್ನು, ಅಂದರೆ ‘ಪ’ ‘ಸ’ಗಳನ್ನು ಮಾತ್ರ; ಆದರೂ ಮಂದ್ರ ಷಡ್ಜದ, ಅಂದರೆ ಕೆಳಸ್ಥಾಯಿಯ ‘ಸ’ದ ಐದು ಪಟ್ಟು ಕಂಪನದಲ್ಲಿ ಯಾರೂ ಮೀಟದ ಅಂತರ ಗಾಂಧಾರವೆಂಬ ‘ಗ’ ತಾನಾಗಿ ಕೇಳಿಸುತ್ತದೆ. ಈ ಕುದುರೆಯ ಮಹಿಮೆಯನ್ನು ಸಿ. ವಿ. ರಾಮನ್ನರು 1921ರಲ್ಲೇ ಬರೆದಿಟ್ಟಿದ್ದಾರೆ.”

“ರಾಮನ್ನರೂ ನನ್ನ ಪರ!” ಎಂದು ರಾಯರು ಬಟ್ಟಲಿನಲ್ಲಿ ಕಾಫಿ ಆರಿಸಿದರು.

“ಅವಸರ ಬೇಡಿ. ಸರಿ, ನೀವು ಎಚ್ಚೆತ್ತದ್ದು ಯಾವಾಗ?”

ರಾಯರು ಲೋಟ ಕೆಳಗಿಟ್ಟು ಯೋಚಿಸಿದರು. “ಎಲ್ಲ ಮುಗಿದು ತಂಬೂರಿ ನಿಂತಾಗ.”

“ರಾತ್ರಿಯ ಬಸ್ಸಿನಲ್ಲಿ ಎಂಜಿನ್ನು ಆರಿದೊಡನೆ ಎಲ್ಲರೂ ಕಣ್ಣುಜ್ಜಿಕೊಂಡು ‘ಯಾವೂರು?’ ಎನ್ನುವುದಿಲ್ಲವೇ? ಹಾಗೆ. ಒಂದೇ ಸಮನೆ ಇರುವುದನ್ನು ಕಿವಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದು ಇಲ್ಲವಾದಾಗ ಲೆಕ್ಕ ಕೇಳುತ್ತದೆ.”

ನನಗೆ ರಾಯರನ್ನು ಇಷ್ಟು ಸುಲಭಕ್ಕೆ ಬಿಡುವ ಮನಸ್ಸಿರಲಿಲ್ಲ. “ಆದರೆ ಆರಂಭದಲ್ಲಿ ಮೈಕು ಒಮ್ಮೆ ಕೂಯ್ ಎಂದು ಕಿರುಚಿದಾಗ ಇವರು ಕುರ್ಚಿಯಿಂದ ಒಂದು ಗೇಣು ಮೇಲೆದ್ದರಲ್ಲ? ಅದು ತನಿಯಷ್ಟು ಜೋರಾಗೇನೂ ಇರಲಿಲ್ಲ.”

“ಜೋರಿನ ಪ್ರಶ್ನೆಯಲ್ಲ,” ಎಂದರು ಮೇಷ್ಟ್ರು. “ಕಿವಿಯ ನಾಳ ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ, ಒಂದು ತುದಿ ಮುಚ್ಚಿದ ಕೊಳವೆ, ಸೆಕೆಂಡಿಗೆ 3000 ಕಂಪನಗಳ ಆಸುಪಾಸಿನ ಸದ್ದನ್ನು ಅದು ತಾನೇ ಹಿಗ್ಗಿಸಿಕೊಳ್ಳುತ್ತದೆ. ಮೈಕಿನ ಕಿರುಚಾಟ ಆ ಎಡೆಯಲ್ಲಿ ಹುಟ್ಟಿತೋ, ಮುಗಿಯಿತು. ಮೃದಂಗ ಎಷ್ಟೇ ಗುಡುಗಲಿ, ಅದರ ಬಲಮುಖಕ್ಕೆ ಹಾಕಿದ ಕರಣೆ, ಆ ಕಪ್ಪು ಲೇಪ, ಅದರ ಮೇಲ್ಸ್ವರಗಳನ್ನು ಒಂದಕ್ಕೊಂದು ಹೊಂದಿಸಿರುತ್ತದೆ. ನಾದ ಶ್ರುತಿಗೆ ಕೂಡಿದ್ದರೆ ಗುಡುಗೂ ಜೋಗುಳವೇ.”

ಕೊನೆಯ ಮಾತು ಭೌತಶಾಸ್ತ್ರವೋ ಕಾಫಿಯ ಪ್ರಭಾವವೋ ನಾನು ಕೇಳಲಿಲ್ಲ. ರಾಯರು ಮಾತ್ರ ಆ ಕ್ಷಣವೇ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿಸಿಕೊಂಡರು.

ಮರುದಿನ ಬೆಳಗ್ಗೆ ಏಳಕ್ಕೇ ಅವರ ಫೋನು ಬಂತು. “ದಿಂಬಿನ ಪಕ್ಕದಲ್ಲೇ ಇಟ್ಟಿದ್ದೆ. ನನಗೆ ಒಳ್ಳೆಯ ನಿದ್ದೆ. ಆದರೆ ನಮ್ಮ ಮನೆಯವರು ಹತ್ತು ವರ್ಷ ವೀಣೆ ಕಲಿತವರು ನೋಡಿ. ನನ್ನ ಗೊರಕೆ ತಂಬೂರಿಯ ಷಡ್ಜಕ್ಕೆ ಒಂದು ಕೂದಲೆಳೆ ಕೆಳಗಿದ್ದು, ಎರಡೂ ಸೇರಿ ‘ವಾಂವ್ ವಾಂವ್’ ಎಂದು ಅಲೆಯುತ್ತಿತ್ತಂತೆ. ಎರಡು ಗಂಟೆಗೆ ಎದ್ದು ಕುಳಿತು, ಆ್ಯಪಿನ ಶ್ರುತಿಯನ್ನು ಇಳಿಸಿ ಇಳಿಸಿ ನನ್ನ ಗೊರಕೆಗೆ ಕೂಡಿಸಿದ್ದಾರೆ.”

“ಆಮೇಲೆ ಅವರಿಗೂ ನಿದ್ದೆ ಬಂತೇ?”

“ಬಂತಂತೆ. ಅಷ್ಟರಲ್ಲಿ ನಾನು ಮಗ್ಗುಲು ಬದಲಿಸಿ, ನನ್ನ ಗೊರಕೆಯ ಶ್ರುತಿ ಅರ್ಧ ಮನೆ ಮೇಲೆ ಹೋಯಿತಂತೆ.”