ಯೂರೋಪಿನ ‘ಸ್ಯಾಂಡ್‌ಬಾಕ್ಸ್’ ಅಂದರೆ ಕಾನೂನಿನಿಂದ ರಜೆಯೇ?

ಕುತೂಹಲಿ:
ಐರೋಪ್ಯ ಒಕ್ಕೂಟದ ಎಐ ಕಾಯ್ದೆ (2024/1689) ಪ್ರತಿ ಸದಸ್ಯ ದೇಶವೂ ಕನಿಷ್ಠ ಒಂದು ನಿಯಂತ್ರಣ ಸ್ಯಾಂಡ್‌ಬಾಕ್ಸ್ (ಸರ್ಕಾರಿ ಪ್ರಾಧಿಕಾರದ ನಿಗಾದಲ್ಲಿ ಹೊಸ ಎಐ ವ್ಯವಸ್ಥೆಯನ್ನು ಪರೀಕ್ಷಿಸುವ ಚೌಕಟ್ಟು) ತೆರೆಯಬೇಕು ಅನ್ನುತ್ತೆ. ಅದರೊಳಗೆ ಹೋದ ಕಂಪನಿಗೆ ನಿಜವಾಗಿ ಯಾವುದು ಸಡಿಲ, ಯಾವುದು ಅಲ್ಲ? ಇನ್ನೊಂದು ಸಂಶಯ: ವಿದ್ಯುತ್ತಿನಂಥ ಇಡೀ ವ್ಯವಸ್ಥೆ ಬದಲಾಗಬೇಕಾದಾಗ ಪ್ರಯೋಗಗಳು ಗೆದ್ದರೂ ಹಳೆಯದು ಕದಲದೇ ಇರೋದು ಯಾಕೆ?

ಕಡತದ ಹುಳು:
ಮೊದಲ ಪ್ರಶ್ನೆಗೆ ಉತ್ತರ 57ನೇ ವಿಧಿಯಲ್ಲಿದೆ. ಸಡಿಲವಾಗೋದು ದಂಡ ಮಾತ್ರ, ಕರ್ತವ್ಯ ಅಲ್ಲ. ಪ್ರಾಧಿಕಾರದ ಜೊತೆ ಒಪ್ಪಿಕೊಂಡ ಯೋಜನೆಯಂತೆ, ಅದು ಹೇಳಿದ್ದನ್ನು ಪ್ರಾಮಾಣಿಕವಾಗಿ ಪಾಲಿಸಿದರೆ, ಈ ಕಾಯ್ದೆಯ ಉಲ್ಲಂಘನೆಗೆ ಆಡಳಿತಾತ್ಮಕ ದಂಡ ಹಾಕಲ್ಲ. ಆದರೆ ಪ್ರಯೋಗದಿಂದ ಮೂರನೆಯವರಿಗೆ ಹಾನಿಯಾದರೆ ಪರಿಹಾರದ ಹೊಣೆ ಪೂರ್ತಿ ಕಂಪನಿಯದೇ. ತಗ್ಗಿಸಲಾಗದ ಅಪಾಯ ಕಂಡುಬಂದರೆ ಪ್ರಯೋಗ ನಿಲ್ಲಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಜನ ಎಡವೋದು 59ನೇ ವಿಧಿಯಲ್ಲಿ. ಬೇರೆ ಉದ್ದೇಶಕ್ಕೆ ಕಾನೂನುಬದ್ಧವಾಗಿ ಸಂಗ್ರಹಿಸಿದ ವೈಯಕ್ತಿಕ ಡೇಟಾವನ್ನು ಸ್ಯಾಂಡ್‌ಬಾಕ್ಸಿನಲ್ಲಿ ಬಳಸಬಹುದು, ನಿಜ. ಆದರೆ ಆರೋಗ್ಯ, ಪರಿಸರದಂಥ ಸಾರ್ವಜನಿಕ ಹಿತದ ಕೆಲಸಕ್ಕೆ ಮಾತ್ರ. ಅದೂ ಪ್ರತ್ಯೇಕಿಸಿದ, ಭದ್ರ ವಾತಾವರಣದಲ್ಲಿ. ಭಾಗವಹಿಸುವಿಕೆ ಮುಗಿದ ಮೇಲೆ ಅಥವಾ ಇಟ್ಟುಕೊಳ್ಳುವ ಅವಧಿ ತೀರಿದ ಮೇಲೆ ಅಳಿಸಬೇಕು. ಅದೇ ಡೇಟಾದ ಮೇಲೆ ಮಾರುಕಟ್ಟೆಯ ಉತ್ಪನ್ನ ಕಟ್ಟುತ್ತೇವೆ ಅಂದುಕೊಂಡು ಹೋದವರ ಲೆಕ್ಕ ಇಲ್ಲೇ ತಪ್ಪೋದು.

ಸಣ್ಣ ಕಂಪನಿಗಳಿಗೆ ಸಾಮಾನ್ಯವಾಗಿ ಪ್ರವೇಶ ಉಚಿತ. ಕೊನೆಗೆ ಸಿಗುವ ನಿರ್ಗಮನ ವರದಿಯೇ ಅಸಲಿ ಫಲ: ಅನುಸರಣೆ ಪರಿಶೀಲಿಸುವವರು ಅದನ್ನು ಅನುಕೂಲಕರವಾಗಿ ಪರಿಗಣಿಸಬೇಕು. ಹಾಗಂತ ಅದೇ ಪ್ರಮಾಣಪತ್ರ ಅಲ್ಲ.

ಕುತೂಹಲಿ:
ಸ್ಯಾಂಡ್‌ಬಾಕ್ಸಿಗೆ ಹೋಗದೆ ನೇರವಾಗಿ ಜನರ ಮಧ್ಯೆ ಪರೀಕ್ಷೆ ಮಾಡೋಕೆ ದಾರಿ ಇದೆಯಾ?

ಕಡತದ ಹುಳು:
ಇದೆ, 60ನೇ ವಿಧಿ. ಮೂರನೇ ಅನುಬಂಧದಲ್ಲಿರುವ ಹೆಚ್ಚಿನ ಅಪಾಯದ ವ್ಯವಸ್ಥೆಗಳಿಗೆ. 6 ತಿಂಗಳು, ಕಾರಣ ಕೊಟ್ಟರೆ ಇನ್ನೂ 6. ಯೋಜನೆ ಸಲ್ಲಿಸಿ 30 ದಿನ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ, ಆದರೆ ಆ ದೇಶದ ಕಾನೂನು ಮೌನಸಮ್ಮತಿಯನ್ನು ಒಪ್ಪುತ್ತಾ ಅಂತ ಮೊದಲು ನೋಡಿ. ಪರೀಕ್ಷೆಗೆ ಒಳಗಾಗುವವರ ದಾಖಲಾದ ಸಮ್ಮತಿ ಬೇಕು, ಅವರು ಯಾವಾಗ ಬೇಕಾದರೂ ಹೊರಬರಬಹುದು. ವ್ಯವಸ್ಥೆ ಕೊಟ್ಟ ತೀರ್ಮಾನವನ್ನು ವಾಪಸ್ ಪಡೆಯುವಂತಿರಬೇಕು.

ತಂತಿಕಂಬ:
ಎರಡನೇ ಪ್ರಶ್ನೆಗೆ ನೆದರ್ಲೆಂಡ್ಸ್ ನೋಡಿ. ಅಲ್ಲಿ ವಿದ್ಯುತ್ ಪ್ರಯೋಗಗಳಿಗಾಗಿ ಬಂದ 2015ರ ಆದೇಶ ಎಐ ಸ್ಯಾಂಡ್‌ಬಾಕ್ಸಿಗಿಂತ ಭಿನ್ನ, ಅದು ವಿದ್ಯುತ್ ಕಾಯ್ದೆಯಿಂದಲೇ ವಿನಾಯಿತಿ ಕೊಟ್ಟಿತು. ಆದರೆ ಸಹಕಾರಿ ಸಂಘಗಳಿಗೆ ಮತ್ತು ಮನೆಮಾಲೀಕರ ಸಂಘಗಳಿಗೆ ಮಾತ್ರ. ಆಮ್‌ಸ್ಟರ್‌ಡ್ಯಾಮಿನ ಸ್ಖೋನ್‌ಸ್ಖಿಪ್ ತೇಲುಮನೆಗಳ ಬಡಾವಣೆ ಇದನ್ನು ಬಳಸಿತು: 46 ಕುಟುಂಬಗಳಿಗೆ ಹೊರಗಿನ ಗ್ರಿಡ್ಡಿನಿಂದ ಒಂದೇ ಸಂಪರ್ಕ, ಸೌರಫಲಕ, ಬ್ಯಾಟರಿ, ಹೀಟ್ ಪಂಪುಗಳ ನಡುವೆ ವಿದ್ಯುತ್ ಒಳಗೊಳಗೇ ಓಡಾಡುತ್ತೆ. ಸಾಮಾನ್ಯ ನಿಯಮದಲ್ಲಿ ಪ್ರತಿ ಮನೆಯೂ ವಿತರಣಾ ಜಾಲದ ಪ್ರತ್ಯೇಕ ಗ್ರಾಹಕ, ಪೂರೈಕೆದಾರನನ್ನು ತಾನೇ ಆರಿಸೋ ಹಕ್ಕೂ ಅದಕ್ಕಿದೆ.

ತೊಡಕು ಇಲ್ಲೇ. ವಿನಾಯಿತಿ ಆ ಯೋಜನೆಗೆ ಅಂಟಿಕೊಂಡಿತ್ತು, ಮೂಲ ನಿಯಮ ಹಾಗೇ ಇತ್ತು. ಪಕ್ಕದ ಬಡಾವಣೆ ಅದನ್ನೇ ಮಾಡಬೇಕೆಂದರೆ ಮತ್ತೆ ಹೊಸ ಅರ್ಜಿ. ಗೆದ್ದ ಪ್ರಯೋಗ ಯಾವ ನಿಯಮವನ್ನು, ಯಾರ ಕೈಯಿಂದ, ಯಾವ ದಿನಾಂಕದೊಳಗೆ ಬದಲಿಸಬೇಕು ಅನ್ನೋದನ್ನು ಶುರುವಿನಲ್ಲೇ ಬರೆದಿಡದಿದ್ದರೆ ಪ್ರಯೋಗ ಪ್ರದರ್ಶನದ ವಸ್ತುವಾಗಿ ಉಳಿಯುತ್ತೆ.

ಹಳೇ ಬಾಯ್ಲರ್:
ತಂತಿಕಂಬ ಹೇಳಿದ್ದು ಅರ್ಧ. ಹೊಸದಕ್ಕೆ ಜಾಗ ಮಾಡಿದರೆ ಹಳೆಯದು ತಾನಾಗಿ ಹೋಗಲ್ಲ. ಜರ್ಮನಿಯಲ್ಲಿ 2000ದ ನವೀಕರಿಸಬಹುದಾದ ಇಂಧನ ಕಾಯ್ದೆ 20 ವರ್ಷ ನಿಗದಿತ ದರದ ಖಾತರಿ ಕೊಟ್ಟಿತು, ಪವನ ಮತ್ತು ಸೌರ ವಿದ್ಯುತ್ ಬೆಳೆಯಿತು. ಆದರೂ ಕಲ್ಲಿದ್ದಲು ಮುಚ್ಚೋಕೆ 2020ರಲ್ಲಿ ಬೇರೆಯೇ ಕಾನೂನು ಬೇಕಾಯಿತು: ಗಡುವು 2038. ಗಣಿ ಪ್ರದೇಶಗಳಿಗೆ 40 ಶತಕೋಟಿ ಯೂರೋ ತನಕ ನೆರವು, ಲಿಗ್ನೈಟ್ (ಕಂದು ಕಲ್ಲಿದ್ದಲು) ಕಂಪನಿಗಳಿಗೆ 4.35 ಶತಕೋಟಿ ಪರಿಹಾರ. ಆ ಪರಿಹಾರ ದುಬಾರಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಇಂಗಾಲದ ಬೆಲೆ, ಅಂದರೆ ಹೊಗೆ ಬಿಡೋಕೆ ಕೊಳ್ಳಬೇಕಾದ ಪರವಾನಗಿಯ ಬೆಲೆ, ಏರಿದಂತೆ ಆ ಸ್ಥಾವರಗಳು ಹೇಗೂ ನಷ್ಟಕ್ಕೆ ಬೀಳುತ್ತಿದ್ದವು.

ಇನ್ನೊಂದು ಗುಂಡಿ ಇದೆ. ಹೊಗೆ ಬಿಡುವ ಪರವಾನಗಿಗಳ ಒಟ್ಟು ಮಿತಿ ಇಡೀ ಒಕ್ಕೂಟಕ್ಕೆ ಒಂದೇ. ಜರ್ಮನಿ ಒಂದು ಸ್ಥಾವರ ಮುಚ್ಚಿದರೆ ಉಳಿದ ಪರವಾನಗಿ ಇನ್ನೊಂದು ದೇಶದ ಚಿಮಣಿಗೆ ಅಗ್ಗವಾಗಿ ಸಿಗುತ್ತೆ. ಹೆಚ್ಚುವರಿ ಪರವಾನಗಿಗಳನ್ನು ಮಾರುಕಟ್ಟೆಯಿಂದ ಹೊರಗಿಡುವ ಒಕ್ಕೂಟದ ‘ಮಾರುಕಟ್ಟೆ ಸ್ಥಿರತಾ ಮೀಸಲು’ ಒಂದಿಷ್ಟನ್ನು ಹೀರಿಕೊಳ್ಳುತ್ತೆ, ಎಲ್ಲವನ್ನೂ ಅಲ್ಲ. ಅದಕ್ಕೇ ಸ್ಥಾವರ ಮುಚ್ಚಿದ ದೇಶ ಅಷ್ಟು ಪರವಾನಗಿಗಳನ್ನು ಹರಾಜಿಗಿಡದೆ ರದ್ದು ಮಾಡಬಹುದು ಅಂತ ಒಕ್ಕೂಟದ ನಿರ್ದೇಶನದಲ್ಲೇ ಅವಕಾಶ ಇದೆ. ಯಾವುದೇ ದೇಶದ ಕಲ್ಲಿದ್ದಲು ವಿದಾಯದ ಕಾನೂನು ಓದುವಾಗ ಗಡುವಿನ ವರ್ಷಕ್ಕಿಂತ ಮೊದಲು ಆ ರದ್ದತಿಯ ಸಾಲು ಇದೆಯಾ ಅಂತ ಹುಡುಕಿ.