ಪದಚರ್ಚೆ: ನೆಲ ನಡುಗಿ ಜರಿದ ಗುಡ್ಡಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂಡಿಗೆರೆಯ ಪ್ರೌಢಶಾಲೆ ಮಕ್ಕಳಿಗಾಗಿ ಗುಡ್ಡಗಳ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಎಂದೋ ಆದ ಭೂಕಂಪದಲ್ಲಿ ಜರಿದ ಗುಡ್ಡಗಳನ್ನು ಇಂದು ಹೇಗೆ ಗುರುತಿಸುತ್ತಾರೆ ಎಂಬುದು ಅದರ ಒಂದು ಅಧ್ಯಾಯ. ಮೂರು ದಿನಗಳಿಂದ ಅದರ ತಲೆಬರಹದಲ್ಲೇ ನಿಂತಿದ್ದೇನೆ. ಶಾಸ್ತ್ರದ ಕನ್ನಡದಲ್ಲಿ ಬರೆದರೆ ‘ಪ್ರಾಚೀನ ಭೂಕಂಪ ಪ್ರೇರಿತ ಭೂಕುಸಿತ’ ಎಂದಾಗುತ್ತದೆ. ಇದರಲ್ಲಿ ಪ್ರಾಚೀನವಾದದ್ದು ಕಂಪವೋ ಕುಸಿತವೋ ತಿಳಿಯುವುದಿಲ್ಲ. ‘ಪ್ರೇರಿತ’ ಅದಕ್ಕಿಂತ ದೊಡ್ಡ ತೊಡಕು. ‘ರಾಜಕೀಯ ಪ್ರೇರಿತ’ ಎಂದು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ, ಯಾರೋ ಮರೆಯಲ್ಲಿ ನಿಂತು ಮಾಡಿಸಿದರೆಂಬ ಧ್ವನಿ ಅದರಲ್ಲಿ ಕೇಳುತ್ತದೆ. ಭೂಕಂಪ ಗುಡ್ಡವನ್ನು ಪ್ರೇರೇಪಿಸುವುದಿಲ್ಲ, ಅಲುಗಿಸುತ್ತದೆ. ‘ಭೂಕಂಪಜನ್ಯ’ ಅರ್ಥಕ್ಕೆ ಸರಿ, ಆದರೆ ಎಂಟನೆಯ ತರಗತಿಯ ನಾಲಿಗೆಗೆ ಭಾರ.

ಇನ್ನು ‘ಭೂಕುಸಿತ’. 2019ರ ಆಗಸ್ಟ್ ಮಳೆಗೆ ನಮ್ಮ ಮನೆಯ ಹಿಂದಿನ ಧರೆ ಕುಸಿಯಿತು. ಧರೆ ಎಂದರೆ ನಮ್ಮಲ್ಲಿ ಭೂಮಿಯಲ್ಲ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿತ್ತಿಲಲ್ಲಿ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಸಕಲೇಶಪುರದಿಂದ ಕೊಡಗಿನವರೆಗೆ ಇದನ್ನೇ ‘ಬರೆ’ ಎನ್ನುವುದನ್ನು ಕೇಳಿದ್ದೇನೆ. ಮರುದಿನ ಪಕ್ಕದ ತೋಟಕ್ಕೆ ಹೋದರೆ ಅಲ್ಲಿ ಬೇರೆಯೇ ನೋಟ. ಕಾಫಿ ಗಿಡಗಳ ಸಮೇತ ಒಂದು ಪಟ್ಟಿ ನೆಲ ಹತ್ತು ಅಡಿ ಕೆಳಗಿಳಿದಿತ್ತು. ಸಿಲ್ವರ್ ಓಕ್ ಮರಗಳು ಉರುಳಿರಲಿಲ್ಲ, ಗುಡ್ಡದ ಕಡೆಗೆ ಬೆನ್ನು ವಾಲಿಸಿ ನಿಂತಿದ್ದವು. ಒಂದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯ ಒಂದು ಎಲೆಯೂ ಬಾಡಿರಲಿಲ್ಲ. ತೋಟದ ಕೆಲಸಕ್ಕೆ ಬರುವ ಅಕ್ಕ ಬಿರುಕಿನ ಅಂಚಿನಲ್ಲಿ ನಿಂತು, ‘ನಿಮ್ಮ ಮನೆಯ ಹಿಂದೆ ಕುಸಿದದ್ದು, ಇಲ್ಲಿ ಜರಿದದ್ದು’ ಎಂದರು. ಕುಸಿ, ಜರಿ, ಜಾರು, ಉರುಳು ಎಂದು ಆಡುಮಾತು ಬಿಡಿಸಿ ಹೇಳುವುದನ್ನೆಲ್ಲ ‘ಭೂಕುಸಿತ’ ಒಂದೇ ಮೂಟೆಗೆ ತುಂಬುತ್ತದೆ. ಗುಡ್ಡದ ಮೈ ಮೇಲಿಂದ ಕೆಳಕ್ಕೆ ಸರಿಯುವುದಕ್ಕೆ ‘ಗುಡ್ಡಜರಿತ’ವೇ ಸರಿಯೆಂದು ಅಂದೇ ನಿರ್ಧರಿಸಿದೆ.

ಆದರೆ ಜರಿದದ್ದು ಕಾಣುತ್ತದೆ, ಏಕೆ ಜರಿಯಿತೆಂಬುದು ಕಾಣುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಮಳೆಗೆ ಜರಿದವು. ಮರುತಿಂಗಳು, ಸೆಪ್ಟೆಂಬರ್ 6ರಂದು, ಜಪಾನಿನ ಹೊಕ್ಕೈಡೊದಲ್ಲಿ ಭೂಕಂಪಕ್ಕೆ ಸಾವಿರಾರು ಕಡೆ ಗುಡ್ಡ ಜರಿಯಿತು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಎರಡೂ ಕಡೆ ಹಸಿರನ್ನು ಸೀಳಿದ ಮಣ್ಣಿನ ಪಟ್ಟಿಗಳೇ. ನೂರಾರು ವರ್ಷ ಕಳೆದು ಕಾಡು ಮುಚ್ಚಿದ ಮೇಲಂತೂ ಹೇಳುವುದೇ ಬೇಡ.

ಹಾಗಾಗಿ ಸುತ್ತುಬಳಸಿ ಪತ್ತೆ ಮಾಡುತ್ತಾರೆ. ನಡುಕದ ಅಲೆಗಳು ಗುಡ್ಡದ ನೆತ್ತಿಯಲ್ಲಿ ಬಲಗೊಳ್ಳುವುದರಿಂದ ಅಂಥ ಜರಿತಗಳು ಶಿಖರದ ಬಳಿಯಿಂದಲೇ ಹೊರಡುವುದು ಹೆಚ್ಚು. ಇಳಿಜಾರಿನ ಮಣ್ಣು ನೀರಿನಿಂದ ಪೂರ್ತಿ ನೆನೆದರೂ ನಿಲ್ಲುತ್ತಿತ್ತು ಎಂದು ಲೆಕ್ಕ ತೋರಿಸಿದರೆ, ಬೇರೆ ಏನೋ ಅಲುಗಿಸಿರಬೇಕೆಂದು ಊಹಿಸುತ್ತಾರೆ. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಎಂದರೆ ದೂರ ದೂರದ ಜರಿತಗಳೆಲ್ಲ ಒಂದೇ ಕಾಲದವೆಂದು ತಿಳಿಯುವುದು. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರದ ತಳದಲ್ಲಿ, ದಡದಿಂದ ಕಾಡುಸಮೇತ ಜಾರಿ ಇಳಿದ ಮರಗಳಿವೆ. ಅಲ್ಲಿಂದ ಕೆಲವು ಮೈಲು ದೂರದಲ್ಲಿ ಸುನಾಮಿಯ ಮರಳಿನಡಿ ಹೂತ ಒಂದು ದಿಮ್ಮಿ ಸಿಕ್ಕಿತು. ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಕಡೆಯ ಮರಗಳು ಸುಮಾರು 1,100 ವರ್ಷಗಳ ಹಿಂದೆ ಒಂದೇ ವರ್ಷದ ಒಂದೇ ಋತುವಿನಲ್ಲಿ ಸತ್ತಿದ್ದವು. ಸುನಾಮಿಯನ್ನೂ ಜರಿತವನ್ನೂ ತಂದದ್ದು ಒಂದೇ ಭೂಕಂಪವೆಂದು ಇದರಿಂದ ಊಹಿಸಿದರು. ಇದನ್ನು ಓದಿದ ದಿನ ನಾನು ತೋಟದ ಆ ಸಿಲ್ವರ್ ಓಕ್‌ಗಳನ್ನು ಇನ್ನೊಮ್ಮೆ ಹೋಗಿ ನೋಡಿ ಬಂದೆ.

ಇದರಿಂದ ನನಗೆ ತೋಚಿದ್ದು: ಬೇಕಾದದ್ದು ಒಂದಲ್ಲ, ಎರಡು ಪದ. ಕಣ್ಣಿಗೆ ಕಂಡದ್ದಕ್ಕೆ ಒಂದು, ಕಾರಣ ಸಾಬೀತಾದ ಮೇಲೆ ಇನ್ನೊಂದು. ಮೊದಲನೆಯದಕ್ಕೆ ‘ಹಳೆಜರಿತ’ ಎನ್ನೋಣವೇ? ಕಾರಣ ತಿಳಿದ ಮೇಲೆ ‘ಮಳೆಜರಿತ’ ಅಥವಾ ‘ನಡುಕಜರಿತ’. ‘ನೆಲನಡುಕ’ ಆಗಲೇ ಬಳಕೆಯಲ್ಲಿರುವುದರಿಂದ ನಡುಕವನ್ನು ಚಳಿಜ್ವರದ್ದೆಂದು ಯಾರೂ ತಿಳಿಯಲಾರರು. ‘ಕಂಪಜರಿತ’ವನ್ನೂ ಬರೆದು ನೋಡಿದೆ; ಕಾಫಿ ಹೂ ಬಿಡುವ ಊರಿನಲ್ಲಿ ಕಂಪು ಎಂದರೆ ಬೇರೆಯೇ ನೆನಪಾಗುತ್ತದೆ. ‘ಅದುರುಜರಿತ’ ಅರ್ಥಕ್ಕೆ ಹತ್ತಿರ, ಉಚ್ಚಾರಕ್ಕೆ ತೊಡರು.

ಮಕ್ಕಳಿಗೆ ಹತ್ತಿರದ ಉದಾಹರಣೆ ಹುಡುಕುವಾಗ 2022ರ ಜೂನ್‌ನಲ್ಲಿ ಹೊಳೆನರಸೀಪುರದ ಕಡೆ ಆದ 3.4 ತೀವ್ರತೆಯ ಕಂಪನ ನೆನಪಾಯಿತು. ಗುಡ್ಡ ಜರಿಯಲು ಸಾಮಾನ್ಯವಾಗಿ 4ರಷ್ಟಾದರೂ ಬೇಕು. ಹಾಗಾಗಿ ‘ನಡುಕ ಉಂಟು, ಜರಿತ ಇಲ್ಲ’ ಎಂದು ತೋರಿಸಲು ಅದನ್ನೇ ಇಟ್ಟುಕೊಂಡಿದ್ದೇನೆ. ಅಲ್ಲಿ ‘ನಡುಕ’ ಬೇರೆ, ‘ಜರಿತ’ ಬೇರೆ ಎಂದು ಬಿಡಿಸಿಡಲು ಈ ಜೋಡಿಪದ ಅನುಕೂಲವಾಯಿತು.

ಬಲ್ಲವರಲ್ಲಿ ಎರಡು ಪ್ರಶ್ನೆ. ನಮ್ಮ ಹಿತ್ತಿಲಿನ ‘ಧರೆ’ ಸಂಸ್ಕೃತದ ಧರೆಯೇ, ಅಥವಾ ಅಚ್ಚಗನ್ನಡದ ಬೇರೊಂದು ಪದ ಮಹಾಪ್ರಾಣ ಪಡೆದದ್ದೇ? ಎರಡನೆಯದು, ಶೃಂಗೇರಿ, ಕೊಪ್ಪ, ಸಕಲೇಶಪುರದ ಹಿರಿಯರು, ಅಜ್ಜನ ಕಾಲದಲ್ಲಿ ಜರಿದು ಈಗ ಮರ ಬೆಳೆದು ನಿಂತಿರುವ ಜಾಗವನ್ನು ಏನೆಂದು ಕರೆಯುತ್ತಾರೆ? ಅಂಥದ್ದೊಂದು ಹೆಸರು ಸಿಕ್ಕರೆ ‘ಹಳೆಜರಿತ’ವನ್ನು ಅಳಿಸಿ ಅದನ್ನೇ ಬರೆಯುತ್ತೇನೆ.